ಒಪ್ಪಂದ ಹುಳುಮನೆಯ ತನಕ ಬಂತು, ಬೇಸಿನ್ ತನಕವೂ ಬರಲಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗ್ಗೆ ಜಾಲರಿಗಳ ತುಂಬ ಹರಡಿದ ಹಳದಿ ಗೂಡು ನೋಡಿದವರು ಅದನ್ನು ಅಪ್ಪಟ ನಮ್ಮ ನೆಲದ ಬೆಳೆ ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ. ಆ ಹುಳುವಿನ ತಾಯಿ ನಮ್ಮ ಮೈಸೂರು ತಳಿ, ತಂದೆ ಸಿಎಸ್‌ಆರ್‌-2. ಈ ಸಿಎಸ್‌ಆರ್‌-2 ಜಪಾನಿನ ತಳಿಗಳಿಂದ ಆಯ್ದು, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ಬೆಳೆಸಿದ ತಳಿ. ಭಾರತ ಮತ್ತು ಜಪಾನ್ ಸರ್ಕಾರಗಳು 1991ರಲ್ಲಿ ಕೈಜೋಡಿಸಿದ ಕೆಲಸದಲ್ಲಿ ಹುಟ್ಟಿದ್ದು ಅದು. ದ್ವಿತಳಿಯ ಬಿಳಿ ಗೂಡಿನ ವಿಷಯ ಹೇಳುವುದೇ ಬೇಡ, ಅದರ ತಂದೆ ತಾಯಿ ಎರಡೂ ಕಡೆಯವರು ಅದೇ ಸಿಎಸ್‌ಆರ್ ಸಾಲಿನವರು.

ಹೀಗೆ ದೆಹಲಿ ಮತ್ತು ಟೋಕಿಯೊ ನಡುವೆ ಬಿದ್ದ ಸಹಿಯೊಂದು ನಮ್ಮ ಮನೆಯ ಹಿಂದಿನ ಹುಳುಮನೆಯೊಳಗೆ ದಿನಕ್ಕೆ ಮೂರು ಹೊತ್ತು ಸೊಪ್ಪು ಮೇಯುತ್ತಿದೆ. "ಗ್ರಾಮೀಣಾಭಿವೃದ್ಧಿಯಲ್ಲಿ ಅಂತರರಾಷ್ಟ್ರೀಯ ಸಹಕಾರ" ಎಂಬ ತಲೆಬರಹ ಕಂಡರೆ ಪುಟ ತಿರುವುವವರೇ ಹೆಚ್ಚು. ತಿರುವಬೇಡಿ ಎಂದು ಕೇಳಿಕೊಳ್ಳುತ್ತೇನೆ. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಯ ರೇಷ್ಮೆಯವರಿಗೆ ಆ ಮಾತು ಹೊಟ್ಟೆಪಾಡಿನ ಮಾತು. ಮುಂದಿನ ಒಪ್ಪಂದ ಯಾರ ಕೈಗೆ ತಲುಪಬೇಕು ಎಂಬುದರ ಬಗ್ಗೆ ನಾವೇ ಬಾಯಿ ಬಿಡದಿದ್ದರೆ ಬೇರೆ ಯಾರೂ ಬಿಡುವುದಿಲ್ಲ.

ನಾನು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಹಳ್ಳಿಯ ಸೊಸೆ. ಮನೆಯಲ್ಲಿ ಆಡುವುದು ತೆಲುಗು, ಓದಿದ್ದು ಕನ್ನಡ, ಗೂಡು ಮಾರಲು ಹೋದಾಗ ಕಿವಿಗೆ ಬೀಳುವುದು ಉರ್ದು. ಬಿ.ಎ. ಮುಗಿಸಿ ಮದುವೆಯಾಗಿ ಬಂದವಳಿಗೆ ಮೊದಲು ಸಿಕ್ಕ ಕೆಲಸ ಹಿಪ್ಪುನೇರಳೆ ಸೊಪ್ಪು ಹೆಚ್ಚುವುದು. ಆಗ ನಮ್ಮ ಮನೆಗೂ ಹುಳುಮನೆಗೂ ಗೋಡೆ ಇರಲಿಲ್ಲ. ನಡುಮನೆಯಲ್ಲಿ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿದ ಸ್ಟ್ಯಾಂಡು, ಅದರ ಕಾಲಡಿ ಇರುವೆ ಹತ್ತದಂತೆ ನೀರಿನ ಬಟ್ಟಲು, ಪಕ್ಕದಲ್ಲೇ ನಮ್ಮ ಚಾಪೆ. ಒಲೆಯ ಹೊಗೆ, ಮಕ್ಕಳ ಓಡಾಟ, ಬಂದುಹೋಗುವ ನೆಂಟರು, ಎಲ್ಲವೂ ಹುಳುವಿನ ಮೇಲೆ. ಹುಳು ಪೊರೆ ಕಳಚಲು ಜ್ವರಕ್ಕೆ ಕೂತರೆ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಮನೆಯವರಿಗೆ ನಿದ್ದೆ ಇಲ್ಲ. ಹುಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ರಾತ್ರಿಯಿಡೀ ಕೇಳುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಬೆಳೆ ಕೈಗೆ ಬರುವುದು ದೇವರಿಗೆ ಬಿಟ್ಟ ವಿಷಯ ಎಂದೇ ಎಲ್ಲರ ನಂಬಿಕೆ. ಒಂದು ಸಲ ಹಾಲುತೊಂಡೆ, ಇನ್ನೊಂದು ಸಲ ಸಪ್ಪೆ ರೋಗ, ಚಳಿಗಾಲ ಬಂದರೆ ಸುಣ್ಣಕಟ್ಟು. ಇವೆಲ್ಲ ಸಾಲದು ಎಂಬಂತೆ 1980ರಲ್ಲಿ ಬಂಗಾಳದಿಂದ ಬಂದ ಗೂಡಿನ ಜೊತೆ ಊಜಿ ನೊಣವೂ ಕರ್ನಾಟಕಕ್ಕೆ ಕಾಲಿಟ್ಟಿತ್ತು. ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ) ಸಾಕಿ 30 ಕಿಲೋ ಗೂಡು ಬಂದರೆ ಮನೆಯಲ್ಲಿ ಹಬ್ಬ. ಬೆಳೆ ಹೋದರೆ ಅತ್ತೆ ತಟ್ಟೆಗಳನ್ನು ತಿಪ್ಪೆಗೆ ಒದರಿ ಬಂದು ಎರಡು ದಿನ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ.

ನಮ್ಮ ಕಡೆ ಹೊಸ ಪದ್ಧತಿ ಹೇಳಿಕೊಡಲು ಬಂದವರು ರೇಷ್ಮೆ ಇಲಾಖೆಯ ಪ್ರದರ್ಶಕರು, ಟಿವಿಎಸ್ ಮೊಪೆಡ್ ಮೇಲೆ. ಹೇಳಿದ್ದು ಒಂದೆರಡು ಮಾತಲ್ಲ. ಹುಳುಮನೆ ಬೇರೆಯೇ ಇರಬೇಕು. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದಿಯೇ ಒಳಗೆ ಬರಬೇಕು. ಚಾಕಿ ಹುಳುವನ್ನು, ಅಂದರೆ ಮರಿ ಹುಳುವನ್ನು, ಮನೆಯಲ್ಲಿ ಸಾಕಬೇಡಿ, ಎರಡನೇ ಜ್ವರ ಎದ್ದ ಹುಳುವನ್ನು ಚಾಕಿ ಕೇಂದ್ರದಿಂದ ತನ್ನಿ. ಎಲೆ ಬಿಡಿಸಿ ಹೆಚ್ಚಿ ಹಾಕುವುದು ಬಿಟ್ಟು ರೆಂಬೆ ಸಮೇತ ಹಾಸಿ. ಜ್ವರಕ್ಕೆ ಕೂತಾಗ ಸುಣ್ಣದ ಪುಡಿ, ಎದ್ದಾಗ ಸೋಂಕು ತಡೆಯುವ ವಿಜೇತ ಪುಡಿ. ದೊಡ್ಡ ಹುಳುವಿಗೆ 24-25 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಿ, ಗೋಡೆಗೆ ಥರ್ಮಾಮೀಟರ್ ತೂಗುಹಾಕಿ.

ಮಾವ ಒಪ್ಪಲಿಲ್ಲ. "ನಮ್ಮ ತಾತನ ಕಾಲದಿಂದ ಹುಳು ಸಾಕ್ತಾ ಇದೀವಿ ಸಾರ್, ಜಪಾನಿನೋರು ಬಂದು ನಮಗೆ ಕಾಲು ತೊಳ್ಕೊಳೋದು ಹೇಳ್ಕೊಡಬೇಕಾ?" ಎಂದು ಕೇಳಿಯೇಬಿಟ್ಟರು. ಆ ಪ್ರದರ್ಶಕರು ಸಿಟ್ಟಾಗಲಿಲ್ಲ, ವಾದಕ್ಕೂ ನಿಲ್ಲಲಿಲ್ಲ. ಅತ್ತೆಯ ಕಡೆ ತಿರುಗಿ, "ಅಮ್ಮ, ಅರ್ಧ ಹುಳು ನಿಮ್ಮ ಪದ್ಧತಿಯಲ್ಲಿ ಸಾಕಿ, ಅರ್ಧ ನಾನು ಹೇಳಿದ ಹಾಗೆ. ಗೂಡು ಬಿಡಿಸೋ ದಿನ ಬಂದು ಎರಡನ್ನೂ ತೂಗೋಣ" ಅಂದರು. ಹೇಳಿದ ದಿನ ಬಂದರು, ತೂಗಿದರು. ಅದಾದ ಮುಂದಿನ ಬೇಸಿಗೆಯಲ್ಲಿ ಮಾವನೇ ನಿಂತು ಹುಳುಮನೆಗೆ ಪಾಯ ತೆಗೆಸಿದರು. ಈಗ ದ್ವಿತಳಿಯಲ್ಲಿ ನೂರು ಮೊಟ್ಟೆಗೆ 60-70 ಕಿಲೋ ತೆಗೆಯುವವರು ನಮ್ಮ ಸುತ್ತಿನ ಊರುಗಳಲ್ಲಿ ಅಪರೂಪವಲ್ಲ.

ಆ ಪ್ರದರ್ಶಕರ ಮಾತಿನ ಹಿಂದೆ ಎಷ್ಟು ವರ್ಷಗಳ ಕೆಲಸ ಇತ್ತು ಎಂಬುದು ನನಗೆ ಓದುತ್ತ ಹೋದಂತೆ ತಿಳಿಯಿತು. ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ, ಅಂದರೆ ಜೈಕಾ, ನಮ್ಮ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಮೂರು ಹಂತದಲ್ಲಿ ಕೆಲಸ ಮಾಡಿತು. 1991ರಿಂದ 1997ರವರೆಗೆ ತಳಿ ಮತ್ತು ತಾಂತ್ರಿಕತೆ ಕಂಡುಕೊಳ್ಳುವ ಹಂತ. 1997ರಿಂದ 2002ರವರೆಗೆ ಅದನ್ನು ರೈತರ ಹೊಲ, ಹುಳುಮನೆಗಳಲ್ಲಿ ಮಾಡಿ ನೋಡುವ ಹಂತ. 2002ರಿಂದ 2007ರವರೆಗೆ ಕರ್ನಾಟಕ, ಆಂಧ್ರ, ತಮಿಳುನಾಡಿನ ವಿಸ್ತರಣಾ ಸಿಬ್ಬಂದಿಯನ್ನು ತಯಾರು ಮಾಡುವ ಹಂತ. ಒಟ್ಟು 16 ವರ್ಷ. ನಮ್ಮಲ್ಲಿ ಸರ್ಕಾರಗಳು ಬದಲಾದವು, ಮಂತ್ರಿಗಳು ಬದಲಾದರು, ಕೋಲಾರ ಜಿಲ್ಲೆಯೇ ಒಡೆದು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಕೆಲಸ ಮಾತ್ರ ನಿಲ್ಲಲಿಲ್ಲ. ಇದೇ ಅವಧಿಯಲ್ಲಿ ಮೈಸೂರಿನ ಸಂಸ್ಥೆಯಿಂದ ವಿ-1 ಹಿಪ್ಪುನೇರಳೆ ಹೊರಬಂತು. ನೀರಾವರಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ 60-70 ಟನ್ ಸೊಪ್ಪು ಕೊಡುವ ಕಡ್ಡಿ ಅದು. ಈಗ ನಮ್ಮ ಕಡೆ ಹೊಸದಾಗಿ ತೋಟ ಹಾಕುವವರು ಮೊದಲು ಕೇಳುವುದೇ ಅದನ್ನು.

ಉಷ್ಣ ಸೀಮೆಯಲ್ಲಿ ದ್ವಿತಳಿ ಹುಳು ಬದುಕುವುದೇ ಇಲ್ಲ ಎಂಬ ನಂಬಿಕೆ ಆ ತನಕ ಗಟ್ಟಿಯಾಗಿತ್ತು. ಅದನ್ನು ಮುರಿಯಲು ಹೊಸ ತಳಿಯೊಂದೇ ಸಾಲುತ್ತಿರಲಿಲ್ಲ. ಸೊಪ್ಪು, ಕೋಣೆ, ಶುಚಿತ್ವ, ಗಾಳಿ, ಹುಳು ಹಣ್ಣಾದ ಮೇಲಿನ ಆರೈಕೆ, ಇವೆಲ್ಲ ಒಟ್ಟಿಗೆ ಬದಲಾಗಬೇಕಿತ್ತು. ಅದಕ್ಕೆ ಬೇಕಾಗಿದ್ದದ್ದು ಪಕ್ಕದಲ್ಲಿ ನಿಂತು ತೋರಿಸುವವರು. ಜಪಾನಿ ತಜ್ಞರು ಮೈಸೂರಿನಲ್ಲಿ ವರ್ಷಗಟ್ಟಲೆ ನೆಲೆ ನಿಂತರು. ನಮ್ಮ ವಿಜ್ಞಾನಿಗಳು ಜಪಾನಿಗೆ ಹೋಗಿ ಕಲಿತು ಬಂದರು. ಆ ದೇಶದಲ್ಲಿ ಆ ವೇಳೆಗಾಗಲೇ ರೇಷ್ಮೆ ಕೃಷಿ ಇಳಿಮುಖವಾಗಿತ್ತು, ಹುಳು ಸಾಕುವ ಮನೆಗಳು ವರ್ಷ ವರ್ಷ ಕಡಿಮೆಯಾಗುತ್ತಿದ್ದವು. ತಲೆಮಾರುಗಳಿಂದ ಬಂದ ವಿದ್ಯೆಗೆ ಊರಲ್ಲಿ ಶಿಷ್ಯರು ಸಿಗದಿದ್ದಾಗ ಅದನ್ನು ಕೈಬಿಚ್ಚಿ ಇನ್ನೊಂದು ದೇಶಕ್ಕೆ ಕೊಟ್ಟರು. ನನಗೆ ಇದು ದೊಡ್ಡ ಮನಸ್ಸಿನ ಕೆಲಸವಾಗಿ ಕಾಣುತ್ತದೆ, ಹಾಗೆಂದು ಹೇಳಲು ಸಂಕೋಚವಿಲ್ಲ.

ರೇಷ್ಮೆಗಾಗಿ ಹೊರಗಿನವರ ಜೊತೆಗಿನ ಈ ನಂಟು ಹೊಸದೂ ಅಲ್ಲ. ಮೈಸೂರು ಸೀಮೆಗೆ ರೇಷ್ಮೆ ತಂದ ಟಿಪ್ಪು ಸುಲ್ತಾನ್ ಹುಳು ತರಲು ಬಂಗಾಳಕ್ಕೆ ಜನರನ್ನು ಕಳಿಸಿದ್ದ. ಜೆಮ್‌ಷೆಡ್‌ಜಿ ಟಾಟಾ 19ನೇ ಶತಮಾನದ ಕೊನೆಯಲ್ಲಿ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ಮಾಡಿಸಿದರು. ತೋಟ ಹೋಗಿ ಬಡಾವಣೆಯಾದರೂ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಅಲ್ಲಿ ಉಳಿದಿದೆ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದಿದ್ದರು. ಅಲ್ಲಿನ ಹಳ್ಳಿಯ ಮನೆಗಳಲ್ಲಿ ನಡೆಯುವ ಕೈಗಾರಿಕೆ ಇಲ್ಲೂ ಬೇಕು ಎಂಬ ಹಂಬಲ ಅವರಿಗೆ ಬಹುಕಾಲ ಇತ್ತು.

ಎಲ್ಲ ಸಹಕಾರವೂ ಹೀಗೆ ಊರಿನ ಒಳಗೆ ಬರುವುದಿಲ್ಲ. ಗೌರಿಬಿದನೂರಿನ ಹೊಲಗಳ ನಡುವೆ 1960ರ ದಶಕದಲ್ಲಿ ಬ್ರಿಟನ್ ಸಹಕಾರದಿಂದ ನಮ್ಮ ಅಣುಶಕ್ತಿ ಇಲಾಖೆ ಕಟ್ಟಿದ ಭೂಕಂಪನ ಮಾಪಕಗಳ ಸಾಲು ಇದೆ. ದೂರದ ದೇಶಗಳಲ್ಲಿ ನೆಲದಡಿ ಅಣುಬಾಂಬ್ ಪರೀಕ್ಷೆ ನಡೆದರೆ ಅದರ ನಡುಕ ಇಲ್ಲಿ ಗೊತ್ತಾಗುತ್ತದೆ. ದೇಶಕ್ಕೆ ಬೇಕಾದ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಪಕ್ಕದ ಹೊಲದಲ್ಲಿ ಮುಸುಕಿನ ಜೋಳ ಬಿಡಿಸುವವರಿಗೆ ಆ ಒಪ್ಪಂದದಲ್ಲಿ ಪಾತ್ರ ಇರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಹಳ್ಳಿಯಲ್ಲಿ ನಡೆಯುವುದು ಒಂದು, ಹಳ್ಳಿಗಾಗಿ ನಡೆಯುವುದು ಇನ್ನೊಂದು. ಗ್ರಾಮೀಣಾಭಿವೃದ್ಧಿಯ ಹೆಸರಿನಲ್ಲಿ ಸಹಿ ಬೀಳುವಾಗ ಈ ವ್ಯತ್ಯಾಸ ಮರೆಯಬಾರದು.

ಸಾಲದ ರೂಪದಲ್ಲಿ ಬಂದ ಸಹಕಾರವನ್ನೂ ನಮ್ಮ ಸೀಮೆ ಕಂಡಿದೆ. ರೇಷ್ಮೆಗೇ 1980ರಲ್ಲಿ ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ಯೋಜನೆ ಬಂತು. 1989ರಿಂದ ಸ್ವಿಟ್ಜರ್ಲೆಂಡ್ ಕೂಡ ಸೇರಿಕೊಂಡ ರಾಷ್ಟ್ರೀಯ ರೇಷ್ಮೆ ಯೋಜನೆ ನಡೆಯಿತು. ಅವಿಭಜಿತ ಕೋಲಾರ ಜಿಲ್ಲೆಗೆ 2001ರಿಂದ ಸುಜಲ ಜಲಾನಯನ ಯೋಜನೆ, 2002ರಿಂದ ಕೆರೆ ಅಭಿವೃದ್ಧಿಯ ಜಲಸಂವರ್ಧನೆ ಯೋಜನೆ ಬಂದವು, ಎರಡಕ್ಕೂ ವಿಶ್ವಬ್ಯಾಂಕಿನ ಸಾಲ. ಸುಜಲದಲ್ಲಿ ಇಸ್ರೊದ ಉಪಗ್ರಹ ಚಿತ್ರ ನೋಡಿ ಬದು, ಕೃಷಿಹೊಂಡದ ಜಾಗ ಗುರುತಿಸಿದರು. ಕೆರೆ ಯೋಜನೆಯಲ್ಲಿ ಊರೂರಿಗೆ ಕೆರೆ ಬಳಕೆದಾರರ ಸಂಘಗಳಾದವು. ಇವು ಒಳ್ಳೆಯ ಆಲೋಚನೆಗಳೇ. ಆದರೆ ಕೆರೆಯ ಹೂಳು ಒಮ್ಮೆ ಎತ್ತಿದರೆ ಮುಗಿಯುವ ಕೆಲಸವಲ್ಲ. ರಾಜಕಾಲುವೆ ಒತ್ತುವರಿ ಬಿಡಿಸಲು, ತೂಬು ಯಾವಾಗ ಎತ್ತಬೇಕೆಂದು ತೀರ್ಮಾನಿಸಲು ಸಂಘಕ್ಕೆ ಬೆನ್ನಿಗೆ ಯಾರಾದರೂ ಬೇಕು. ಯೋಜನೆಗೆ ಮುಕ್ತಾಯದ ದಿನಾಂಕ ಇರುತ್ತದೆ, ಕೆರೆಗೆ ಇರುವುದಿಲ್ಲ. ಜಪಾನಿನ ಜೊತೆಗಿನ ಕೆಲಸ 2007ರಲ್ಲಿ ಮುಗಿದಾಗ ಅದು ಕಲಿಸಿದ್ದು ಪ್ರದರ್ಶಕರ ತಲೆಯಲ್ಲಿ, ಚಾಕಿ ಕೇಂದ್ರದವರ ಕೈಯಲ್ಲಿ, ನನ್ನ ಅತ್ತೆಯ ಅಭ್ಯಾಸದಲ್ಲಿ ಆಗಲೇ ಬೇರು ಬಿಟ್ಟಿತ್ತು. ಮುಂದೆ ಮಾಡುವ ಒಪ್ಪಂದಗಳನ್ನು ಅಳೆಯಲು ನನ್ನ ಹತ್ತಿರ ಇರುವ ಅಳತೆ ಇದು. ದುಡ್ಡು ನಿಂತ ಮೇಲೂ ಕೆಲಸ ಗೊತ್ತಿರುವವರು ಊರಲ್ಲಿ ಎಷ್ಟು ಮಂದಿ ಇರುತ್ತಾರೆ?

ಇನ್ನು ಈ ಬರಹದ ಮುಖ್ಯ ವಿಷಯಕ್ಕೆ ಬರುತ್ತೇನೆ. ಜಪಾನ್ ಒಪ್ಪಂದದ ಫಲ ನಮ್ಮ ಹುಳುಮನೆಗಳಿಗೆ ಬಂದಷ್ಟು ಶಿಡ್ಲಘಟ್ಟದ ಗಲ್ಲಿಗಳಿಗೆ ಹೋಗಲಿಲ್ಲ.

ಗೂಡು ಹರಾಜಾಗಿ ರೈತರ ಖಾತೆಗೆ ಹಣ ಬಿದ್ದ ಮೇಲೆ ನಮ್ಮ ಪಾಲಿಗೆ ಬೆಳೆ ಮುಗಿದಂತೆ. ಆದರೆ ಅದೇ ಗೂಡು ಮೂಟೆಯಲ್ಲಿ ಪಟ್ಟಣದ ಒಳಗೆ ಹೋಗಿ ಇನ್ನೊಂದು ಜೀವನ ಆರಂಭಿಸುತ್ತದೆ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರು, ನಮ್ಮ ಬಾಯಲ್ಲಿ ರೀಲರ್‌ಗಳು, ಹೆಚ್ಚಿನವರು ಮುಸ್ಲಿಮರು, ಸಣ್ಣ ಬಂಡವಾಳದವರು. ಕೆಲವರ ಮನೆಯಲ್ಲಿ ಈಗಲೂ ಚರಕ, ಹಲವರಲ್ಲಿ ಕಾಟೇಜ್ ಬೇಸಿನ್, ಸ್ವಲ್ಪ ಅನುಕೂಲವಿದ್ದವರಲ್ಲಿ ಮಲ್ಟಿ ಎಂಡ್ ಯಂತ್ರ. ಹಳ್ಳಿಯ ರೈತ, ಪಟ್ಟಣದ ರೀಲರ್ ಇಬ್ಬರೂ ಒಂದೇ ಎಳೆಯ ಎರಡು ತುದಿ ಹಿಡಿದವರು. ಒಬ್ಬರು ಮುಳುಗಿದರೆ ಇನ್ನೊಬ್ಬರು ಉಳಿಯುವುದಿಲ್ಲ.

ಒಂದು ಫಿಲೇಚರ್‌ನಲ್ಲಿ ನೂಲು ಬಿಚ್ಚುವ ಆಪಾ ಒಬ್ಬರು ನನಗೆ ಹಳೆಯ ಪರಿಚಯ. ಒಳಗೆ ಹೋದರೆ ಮೊದಲು ಮುಖಕ್ಕೆ ಹೊಡೆಯುವುದು ಬೆಂದ ಹುಳುವಿನ ವಾಸನೆ, ಆಮೇಲೆ ಹಬೆ. ಕುದಿಯುವ ನೀರಿನಲ್ಲಿ ಬೇಯಿಸಿದ ಗೂಡುಗಳನ್ನು ಬೇಸಿನ್ನಿನ ಬಿಸಿನೀರಿಗೆ ಹಾಕುತ್ತಾರೆ. ಆಪಾ ಬೆರಳಿನಿಂದ ಗೂಡನ್ನು ಸವರಿ ಕೂದಲಿಗಿಂತ ಎಷ್ಟೋ ತೆಳುವಾದ ಎಳೆಯ ತುದಿ ಹುಡುಕುತ್ತಾರೆ. ಏಳೆಂಟು ಗೂಡಿನ ಎಳೆಗಳನ್ನು ಒಟ್ಟು ಸೇರಿಸಿ ಸಣ್ಣ ಗುಂಡಿಯ ತೂತಿನಲ್ಲಿ ತೂರಿಸುತ್ತಾರೆ, ಮೇಲೆ ರಾಟೆ ತಿರುಗುತ್ತಿರುತ್ತದೆ. ಒಂದು ಗೂಡಿನ ಎಳೆ ಮುಗಿದರೆ ಅಥವಾ ಕಿತ್ತರೆ, ನೂಲು ಸಣ್ಣಗಾಗುವ ಮೊದಲು ಇನ್ನೊಂದು ಗೂಡಿನ ಎಳೆಯನ್ನು ಅಲ್ಲಿಗೆ ಎಸೆದು ಸೇರಿಸಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕಾದ ಕೆಲಸ. ಅವರ ಬೆರಳ ತುದಿಗಳು ಬಿಳಿಚಿ, ಸಂದುಗಳಲ್ಲಿ ಚರ್ಮ ಬಿರಿದಿದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ, ಬೆಳಗ್ಗೆ ಮತ್ತೆ ಅದೇ ನೀರು.

"ಗೂಡು ಚೆನ್ನಾಗಿದ್ರೆ ಎಳೆ ಒಂದೇ ಸಮ ಬರ್ತದೆ ಅಕ್ಕಾ. ಕೆಟ್ಟ ಗೂಡು ಬಂತು ಅಂದ್ರೆ ಎಳೆ ಮತ್ತೆ ಮತ್ತೆ ಕಿತ್ಹೋಗ್ತದೆ. ಆವತ್ತು ಕೈ ಪೂರ್ತಿ ನೀರಲ್ಲೇ ಇರ್ಬೇಕು" ಎಂದು ಅವರು ಒಮ್ಮೆ ಹೇಳಿದರು.

ಈ ಮಾತು ನನ್ನನ್ನು ತುಂಬ ಕಾಡಿದೆ. ಯಾಕೆಂದರೆ ಎಳೆ ಯಾಕೆ ಕೀಳುತ್ತದೆ ಎಂಬುದು ಹುಳು ಸಾಕುವವರಿಗೆ ಗೊತ್ತು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಂಕಿಗೋ ಪ್ಲಾಸ್ಟಿಕ್ ನೇತ್ರಿಕೆಗೋ ಬಿಟ್ಟ ಮೇಲಿನ ಎರಡು ಮೂರು ದಿನ ಗಾಳಿ ಚೆನ್ನಾಗಿ ಆಡಬೇಕು. ತೇವ ನಿಂತರೆ ಎಳೆಯ ಮೇಲಿನ ಅಂಟು ಗಟ್ಟಿಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಬಿಚ್ಚುವಾಗ ಕೀಳುತ್ತದೆ. ಒಳಗಿನ ಹುಳು ಕೋಶವಾಗಿ ಗಟ್ಟಿಯಾಗುವ ಮೊದಲೇ ಗೂಡು ಬಿಡಿಸಿ ತಂದರೆ ಒಡೆದು ಕಲೆಯಾಗುತ್ತದೆ. ಜಪಾನಿ ತಜ್ಞರು ಒತ್ತಿ ಒತ್ತಿ ಕಲಿಸಿದ ಪಾಠಗಳಲ್ಲಿ ಇದೂ ಒಂದು. ರೋಗ ತಡೆಯುವ ಪಾಠವನ್ನು ನಾವು ಬೇಗ ಕಲಿತೆವು, ಏಕೆಂದರೆ ಬೆಳೆ ಹೋದರೆ ನಷ್ಟ ನಮ್ಮದು. ಗೂಡು ಕಟ್ಟುವಾಗಿನ ಪಾಠ ಅಷ್ಟು ಬೇರೂರಲಿಲ್ಲ, ಏಕೆಂದರೆ ಅದರ ನಷ್ಟ ಇನ್ನೊಬ್ಬರ ಬೇಸಿನ್ನಿನಲ್ಲಿ. ಮಾರುಕಟ್ಟೆಯಲ್ಲಿ ಲಾಟಿಗೆ ಬೆಲೆ ಕಟ್ಟುವುದು ಕಣ್ಣಳತೆಯಲ್ಲಿ. ರೀಲರ್ ನಾಲ್ಕು ಗೂಡು ಕೈಗೆತ್ತಿಕೊಂಡು ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ, ಮೊಬೈಲಿನಲ್ಲಿ ಕೂಗು ಒತ್ತುತ್ತಾರೆ. ಹರಾಜು ಮೊಬೈಲಿಗೆ ಬಂದರೂ ಪರೀಕ್ಷೆ ಹಳೆಯದೇ. ಜಪಾನಿನಲ್ಲಿ ಗೂಡಿನ ಮಾದರಿ ತೆಗೆದು, ನೂಲು ಬಿಚ್ಚಿ ನೋಡಿ, ಅದರ ಫಲಿತಾಂಶದ ಮೇಲೆ ಬೆಲೆ ಕಟ್ಟುವ ಪರೀಕ್ಷಾ ಕೇಂದ್ರಗಳಿದ್ದವು. ತಳಿ ನಮಗೆ ಬಂತು, ಸಾಕಣೆ ಬಂತು, ಈ ಪರೀಕ್ಷೆ ಶಿಡ್ಲಘಟ್ಟದ ಜಾಲರಿಯ ತನಕ ಬರಲಿಲ್ಲ. ಬಂದಿದ್ದರೆ ಚೆನ್ನಾಗಿ ಗಾಳಿ ಆಡಿಸಿ ಗೂಡು ಕಟ್ಟಿಸಿದ ಹೆಂಗಸಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತಿತ್ತು, ಆಪಾರ ಬೆರಳು ನೀರಿನಲ್ಲಿ ಅಷ್ಟು ಹೊತ್ತು ಇರಬೇಕಾಗುತ್ತಿರಲಿಲ್ಲ.

ಯಂತ್ರದ ಕಥೆಯೂ ಇಂಥದ್ದೇ. ಈಗ ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರಗಳು ಬಂದಿವೆ. ಮೊದಮೊದಲು ಬಂದವು ಚೀನಾದವು. ದ್ವಿತಳಿ ಬಿಳಿ ಗೂಡು ಹಾಕಿದರೆ ವಿದೇಶಿ ರೇಷ್ಮೆಗೆ ಸರಿಸಮನಾದ ನೂಲು ತೆಗೆಯಬಹುದು. ಸರ್ಕಾರದ ಸಹಾಯಧನವೂ ಇದೆ. ಆದರೆ ಆ ಯಂತ್ರದ ಬೆಲೆ, ಅದಕ್ಕೆ ಬೇಕಾದ ಜಾಗ, ಬಾಯ್ಲರ್, ದಿನಕ್ಕೆ ಬೇಕಾಗುವ ಗೂಡಿನ ಪ್ರಮಾಣ, ಎರಡು ಬೇಸಿನ್ ಇಟ್ಟುಕೊಂಡವರ ಕೈಗೆ ಎಟುಕುವಂಥದ್ದಲ್ಲ. ಹಳದಿ ಮಿಶ್ರತಳಿಯೇ ಹೆಚ್ಚು ಬರುವ ಮಾರುಕಟ್ಟೆ ನಮ್ಮದು. ಹಳದಿ ಗೂಡಿಗೆ, ಸಣ್ಣ ಮನೆಗೆ, ಒಬ್ಬ ಹೆಂಗಸಿನ ಎರಡು ಕೈಗೆ ಒಪ್ಪುವಂಥ ಸುಧಾರಿತ ಬೇಸಿನ್ ಬೇಕು. ನೀರು ಬಿಸಿ ಇದ್ದರೂ ಕೈ ಅದರಲ್ಲಿ ಅದ್ದದಂತೆ ಎಳೆಯ ತುದಿ ಹಿಡಿಯುವ ಸಾಧನ ಬೇಕು, ಹಬೆ ಹೊರಹೋಗುವ ದಾರಿ ಬೇಕು, ಹುಳುವಿನ ಕೊಳಕು ನೀರು ಚರಂಡಿಗೆ ಬೀಳದಂತೆ ಏರ್ಪಾಡು ಬೇಕು. ನಮ್ಮ ವಿಜ್ಞಾನಿಗಳು ಇದರಲ್ಲಿ ಕೆಲಸ ಮಾಡಿಲ್ಲವೆಂದಲ್ಲ. ಆದರೆ ಹುಳುಮನೆಗೆ ಸಿಕ್ಕಿದ 16 ವರ್ಷದ ತಾಳ್ಮೆ, ಅರ್ಧ ನಿಮ್ಮ ಪದ್ಧತಿ ಅರ್ಧ ನಮ್ಮದು, ತೂಗಿ ನೋಡೋಣ ಎನ್ನುವ ಆ ಪ್ರದರ್ಶಕರ ನಡವಳಿಕೆ ಬೇಸಿನ್ ಮುಂದೆ ಕೂತವರಿಗೆ ಸಿಕ್ಕಿಲ್ಲ.

ಸರ್ಕಾರಗಳ ನಡುವಿನ ಇನ್ನೊಂದು ವ್ಯವಹಾರವನ್ನೂ ಇಲ್ಲಿ ಹೇಳಲೇಬೇಕು. ಸಹಕಾರದ ಒಪ್ಪಂದ ಒಂದು ಇಲಾಖೆ ಮಾಡುತ್ತದೆ, ಆಮದು ಸುಂಕ ಇನ್ನೊಂದು ಇಲಾಖೆ ನಿರ್ಧರಿಸುತ್ತದೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ನೇಕಾರರಿಗೆ ಅಗ್ಗದ ನೂಲು ಸಿಗಲಿ ಎಂಬ ಉದ್ದೇಶ ಇತ್ತು, ನೇಕಾರರ ಕಷ್ಟವೂ ಸುಳ್ಳಲ್ಲ. ಆದರೆ ಚೀನಾ ನೂಲು ಬಂದು ಬೀಳುತ್ತಿದ್ದಂತೆ ಇಲ್ಲಿ ಗೂಡಿನ ಬೆಲೆ ನೆಲ ಕಚ್ಚಿತು, ರೈತರು ಬೀದಿಗಿಳಿದರು, ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಇಟ್ಟವರೂ ಇದ್ದಾರೆ. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಿದರು. ಜಪಾನಿನಿಂದ ಕಲಿತು ಕಲಿಸಿ ಬೆಳೆಸಿದ ತೋಟ, ಕಿತ್ತ ಮೇಲೆ ಸುಂಕ ಏರಿಸಿದರೆ ತಾನಾಗಿ ಚಿಗುರುವುದಿಲ್ಲ. ವಿದೇಶದ ಜೊತೆ ರೇಷ್ಮೆಯ ಬಗ್ಗೆ ಯಾವ ಮಾತುಕತೆ ನಡೆದರೂ ವ್ಯಾಪಾರದವರು ಮತ್ತು ಅಭಿವೃದ್ಧಿಯವರು ಒಂದೇ ಮೇಜಿನ ಮುಂದೆ ಕೂರಬೇಕು.

ನೀರಿನ ಬಗ್ಗೆ ಒಂದೇ ಮಾತು. ವಿ-1 ಕಡ್ಡಿ ನೀರು ಕೇಳುತ್ತದೆ, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಕೊಳವೆಬಾವಿ ಸಾವಿರ, ಸಾವಿರದ ಐನೂರು ಅಡಿಗೆ ಇಳಿದಿದೆ. ಗೌರಿಬಿದನೂರಿನ ಉತ್ತರ ಪಿನಾಕಿನಿಯಲ್ಲಿ ವರ್ಷದ ಹೆಚ್ಚು ದಿನ ಮರಳು ಮಾತ್ರ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ, ಅದನ್ನು ಇನ್ನೊಂದು ಹಂತ ಶುದ್ಧಗೊಳಿಸಬೇಕೆಂಬ ಜನರ ಬೇಡಿಕೆ ನ್ಯಾಯವಾದದ್ದು. ಬಳಸಿದ ನೀರನ್ನು ಬೇಸಾಯಕ್ಕೆ ಹದ ಮಾಡುವುದರಲ್ಲಿ ಪಳಗಿದ ಇಸ್ರೇಲಿನಂಥ ದೇಶಗಳಿವೆ. ಅಲ್ಲಿಂದ ಹಣಕ್ಕಿಂತ ಕಲಿಸುವವರು ಬಂದರೆ ಹೆಚ್ಚು ಲಾಭ.

ಕೇಳಬೇಕಾದ ಬಾಗಿಲು ದೂರವೂ ಇಲ್ಲ. ರೇಷ್ಮೆ ಬೆಳೆಯುವ ದೇಶಗಳ ಸರ್ಕಾರಗಳು ಸೇರಿ ಮಾಡಿಕೊಂಡ ಅಂತರರಾಷ್ಟ್ರೀಯ ರೇಷ್ಮೆ ಆಯೋಗದ ಕೇಂದ್ರ ಕಚೇರಿ 2013ರಲ್ಲಿ ಫ್ರಾನ್ಸಿನ ಲಿಯಾನ್‌ನಿಂದ ಬೆಂಗಳೂರಿಗೆ ಬಂದಿದೆ. ಶಿಡ್ಲಘಟ್ಟದಲ್ಲಿ ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಅಲ್ಲಿಗೆ ಹೋಗಬಹುದು. ಚಿಂತಾಮಣಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಕಾಲೇಜು ಇದೆ. ಏಷ್ಯಾ, ಆಫ್ರಿಕಾದ ದೇಶಗಳವರು ರೇಷ್ಮೆ ಕಲಿಯಲು ಮೈಸೂರಿಗೆ ಬರುತ್ತಾರೆ. ಒಂದು ಕಾಲಕ್ಕೆ ಕಲಿಯುವ ಜಾಗದಲ್ಲಿ ಕೂತಿದ್ದ ನಾವು ಈಗ ಕಲಿಸುವ ಜಾಗದಲ್ಲೂ ಇದ್ದೇವೆ. ಹಾಗಿರುವಾಗ ನಮ್ಮ ಬೇಸಿನ್ನಿನ ಮುಂದೆ ಬಿರಿದ ಬೆರಳುಗಳನ್ನು ಹಾಗೇ ಬಿಟ್ಟು ಬೇರೆ ದೇಶದ ಹೆಣ್ಣುಮಕ್ಕಳಿಗೆ ಅದೇ ಕೆಲಸ ಹೇಳಿಕೊಡುವುದು ನನಗೆ ಸರಿ ಕಾಣುವುದಿಲ್ಲ.

ನಾನು ಕೇಳುವುದು ಇಷ್ಟು. ಕೇಂದ್ರ ರೇಷ್ಮೆ ಮಂಡಳಿ ಮುಂದೆ ಯಾವ ದೇಶದ ಜೊತೆ ಕೂತರೂ, ನೂಲು ಬಿಚ್ಚುವ ಸಣ್ಣ ಘಟಕಗಳಿಗಾಗಿಯೇ ಕನಿಷ್ಠ ಹತ್ತು ವರ್ಷದ ಒಂದು ಕೆಲಸ ಕೇಳಲಿ. ಮೊದಲ ಮೂರ್ನಾಲ್ಕು ವರ್ಷ ಶಿಡ್ಲಘಟ್ಟದ ಗಲ್ಲಿಯೊಂದರಲ್ಲೇ ತಜ್ಞರು ನೆಲೆ ನಿಲ್ಲಲಿ, ಚಿಂತಾಮಣಿ ಕಾಲೇಜಿನ ವಿದ್ಯಾರ್ಥಿಗಳು ಅವರ ಜೊತೆ ಇರಲಿ. ಮಾರುಕಟ್ಟೆಯಲ್ಲಿ ಮಾದರಿ ಗೂಡು ಬಿಚ್ಚಿ ನೋಡುವ ಒಂದು ಕೋಣೆ ಮಾಡಿ, ಬಯಸಿದ ರೈತರ ಲಾಟಿಗೆ ಆ ಫಲಿತಾಂಶದ ಚೀಟಿ ಅಂಟಿಸಿ ಹರಾಜು ಹಾಕಲಿ. ಬೆಲೆಯಲ್ಲಿ ವ್ಯತ್ಯಾಸ ಕಂಡರೆ ಮಾವನಂಥವರು ಮುಂದಿನ ಬೇಸಿಗೆಗೆ ಹುಳುಮನೆಯ ಕಿಟಕಿ ತಾವೇ ದೊಡ್ಡದು ಮಾಡಿಸುತ್ತಾರೆ.

ಆ ಮಾತುಕತೆಯ ಸಭೆಗೆ ರೀಲರ್‌ಗಳ ಸಂಘದ ಮುಖಂಡರನ್ನು ಕರೆದರೆ ಸಾಲದು. ಬೇಸಿನ್ ಮುಂದೆ ಕೂರುವ ಹೆಂಗಸರನ್ನು ಕರೆಯಬೇಕು, ಉರ್ದುವಿನಲ್ಲಿ ಹೇಳಿದ್ದನ್ನು ಅರ್ಥ ಮಾಡಿಸುವವರು ಇರಬೇಕು, ಅವರ ಆ ದಿನದ ಕೂಲಿಯನ್ನು ಸಭೆ ನಡೆಸುವವರೇ ಕೊಡಬೇಕು. ಕೂಲಿ ಹೋಗುತ್ತದೆ ಎಂಬ ಕಾರಣಕ್ಕೆ ಆಪಾ ಈತನಕ ಯಾವ ತರಬೇತಿಗೂ ಹೋಗಿಲ್ಲ.